ಎಣಿಕೆ

ಹಡಗು ಬರುವುದು ದಿನಕ್ಕೆ ಎರಡು ಸಲ,
ಅಪ್ಪನ ಪೆಟ್ಟಿಗೆ ಮೂರು ತಿಂಗಳಿಗೊಮ್ಮೆ.
ಡೆನ್ಮಾರ್ಕಿನ ಬಾಟಲಿ ಬೇಕಿದ್ದರೆ ತೆರಿಗೆ ಬಾಕಿ ಇರಕೂಡದು,
ಫೆರೋ ದ್ವೀಪಗಳಲ್ಲಿ ಆಗ ಕಾನೂನು ಹಾಗಿತ್ತು.
ದಿನಸಿಯಂಗಡಿಯ ಸಾಲ, ನನ್ನ ಬೂಟಿನ ಸಾಲ ಎಲ್ಲ ಹಾಗೇ ಇದ್ದವು;
ಸರಕಾರದ್ದು ಮಾತ್ರ ಗಡುವಿನ ಹಿಂದಿನ ದಿನವೇ ಚುಕ್ತಾ.
ಟ್ವೊರೊಯ್ರಿಯಲ್ಲಿ ನನ್ನಪ್ಪನಷ್ಟು ನಿಯತ್ತಿನ ಪ್ರಜೆ ಇನ್ನೊಬ್ಬನಿರಲಿಲ್ಲ.

ಬಂದರಿನ ರಸ್ತೆಯಿಂದ ನಮ್ಮ ಬಾಗಿಲಿಗೆ ಹದಿನಾಲ್ಕು ಮೆಟ್ಟಿಲು.
ಒಂದೇ ಸಮ ಹತ್ತಿದರೆ ಒಳ್ಳೆಯ ದಿನ.
ಐದಕ್ಕೆ ನಿಂತರೆ ರೇಡಿಯೊ ಆರಿಸಬೇಕು.
ಒಂಬತ್ತಕ್ಕೆ ನಿಂತು, ಕಂಬಿ ಕಿರುಗುಟ್ಟಿದರೆ
ತಮ್ಮನನ್ನು ಎತ್ತಿಕೊಂಡು ಅಟ್ಟಕ್ಕೆ.
ಹಾಡುತ್ತ ಬಂದರೆ ಭಯವಿಲ್ಲ, ಅಳುತ್ತಾನೆ ಅಷ್ಟೆ,
ನನ್ನ ಜಡೆ ಹಿಡಿದು, ನಾನೇ ಅವನಮ್ಮ ಎಂಬಂತೆ.
ಮಗ್ಗಿಗಿಂತ ಮೊದಲೇ ಕಲಿತ ಲೆಕ್ಕ ಇದು,
ತುಟಿ ಅಲುಗಿಸದೆ.

ಮೀನಿನ ಕಾರ್ಖಾನೆಯ ಗೇಟಿನಲ್ಲಿ ಮಾಲನ್ ನನ್ನನ್ನು ನಿಲ್ಲಿಸಿದಳು:
"ಹನ್ಸಿನಾ, ನಿನ್ನ ತೂಕ ಎಷ್ಟು?"
"ಇಪ್ಪತ್ತೊಂಬತ್ತು ಕಿಲೊ."
"ಸಾಕು."
ಉದ್ದನೆಯ ದೋಣಿಯ ಹಿಂತುದಿಯಲ್ಲಿ ಕೂರಿಸಿ
ಚುಕ್ಕಾಣಿಯ ಹಗ್ಗ ಕೈಗಿಟ್ಟು
"ಎಣಿಸು" ಅಂದಳು. "ಗಟ್ಟಿಯಾಗಿ."

ಗಟ್ಟಿಯಾಗಿ ನಾನೆಂದೂ ಎಣಿಸಿರಲಿಲ್ಲ.

ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ.
ಆರು ಹೆಂಗಸರು, ಕಾಡ್ ಮೀನಿನ ವಾಸನೆಯ ಹನ್ನೆರಡು ಕೈ,
ಆರೂ ಮುಖ ನನ್ನ ಕಡೆಗೆ.
ಅಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು.
ಎರಡನೇ ವಾರ ನಾನು ಹೇಳಿದೆ,
ಹನ್ನೊಂದನೇ ಎಳೆತಕ್ಕೆ ರನ್ವಾಳ ಉಸಿರು ಮುರಿಯುತ್ತದೆ ಅಂತ.
ಅದು ರನ್ವಾಳಿಗೇ ಗೊತ್ತಿರಲಿಲ್ಲ.
"ಇಷ್ಟು ಸೂಕ್ಷ್ಮ ಕಿವಿ ಎಲ್ಲಿಂದ ಬಂತೇ ಹುಡುಗಿ?"
ನಾನು ಹಗ್ಗ ಸರಿಮಾಡಿಕೊಂಡೆ.

ದೋಣಿಮನೆಯಲ್ಲಿ ಕಾಫಿ, ದಪ್ಪ ರೊಟ್ಟಿ, ಗಾಳಿಗೆ ಒಣಗಿಸಿದ ಕುರಿಮಾಂಸ.
ಯಾರದೋ ಉಣ್ಣೆಯಂಗಿ ನನ್ನ ಮೈಮೇಲೆ, ಮೊಳಕಾಲಿನವರೆಗೆ.
ಮನೆಯ ವಿಷಯ ಯಾರೂ ಕೇಳಲಿಲ್ಲ.
ಅಷ್ಟು ಸಣ್ಣ ಊರಲ್ಲಿ ಕೇಳುವ ಅಗತ್ಯವೂ ಇರಲಿಲ್ಲ.
ತಮ್ಮನಿಗೆಂದು ಒಂದು ರೊಟ್ಟಿ
ದಿನವೂ ನನ್ನ ಜೇಬಿಗೆ ಬಂದು ಬೀಳುತ್ತಿತ್ತು.

ಪಂದ್ಯದ ದಿನ.
ನನ್ನ ಬೆನ್ನ ಹಿಂದೆ ಬಂದರಿನ ಕಟ್ಟೆ, ಕಟ್ಟೆಯ ತುಂಬ ಊರು.
ಇದ್ದಕ್ಕಿದ್ದಂತೆ ಆರೂ ಮುಖ
ನನ್ನ ಹೆಗಲ ಮೇಲಿಂದ ಏನನ್ನೋ ಕಂಡವು.
ಬೀಳುವ ಸದ್ದು, ಯಾರದೋ ನಗು,
ಆಮೇಲೆ ನನ್ನ ಹೆಸರು, ತೊದಲುತ್ತ, ಎರಡು ಸಲ.
ಎಲ್ಲಿಗೆ ಬಂದಿದ್ದೆ? ಏಳು? ಹದಿನೇಳು?
"ತಿರುಗಬೇಡ" ಎಂದೇನೂ ಮಾಲನ್ ಹೇಳಲಿಲ್ಲ.
"ಎಣಿಸು" ಅಂದಳು.

ಒಂದರಿಂದ ಶುರುಮಾಡಿದೆ.

ನಾಲ್ಕನೆಯವರಾಗಿ ಬಂದೆವು, ಐದು ದೋಣಿಗಳಲ್ಲಿ.

ಹದಿನಾಲ್ಕಕ್ಕೆ ತೂಕ ಏರಿತು, ಹಿಂದಿನ ಜಾಗ ಹೋಯಿತು.
ಮನೆಗೆ ಕಳಿಸುತ್ತಾರೆಂದು ದೋಣಿಮನೆಯ ಬಾಗಿಲಲ್ಲೇ ನಿಂತಿದ್ದೆ.
ಅವರು ನನಗೊಂದು ಹುಟ್ಟು ಕೊಟ್ಟರು.

ಅಪ್ಪ ಸತ್ತು ಒಂಬತ್ತು ವರ್ಷ. ಪೆಟ್ಟಿಗೆಯ ಕಾನೂನೂ ಹೋಯಿತು.
ನಾನೀಗ ಊರಿಗೆ ಮುಖ ಮಾಡಿಯೇ ದೋಣಿ ಎಳೆಯುತ್ತೇನೆ;
ಆ ಮೆಟ್ಟಿಲು ಕಾಣುತ್ತವೆ, ಸಣ್ಣದಾಗುತ್ತವೆ.
ಎಣಿಸುವವಳು ಈಗ ಬೇರೊಬ್ಬ ಹುಡುಗಿ.
ನನ್ನ ಉಸಿರು ಎಲ್ಲಿ ಮುರಿಯುತ್ತದೆಂದು
ಮೊದಲ ದಿನವೇ ಹೇಳಿದಳು.
ಯಾರ ಮನೆಯವಳೆಂದು ನಾನು ಕೇಳಿಲ್ಲ.