ಚಾಲಕನಿಗೆ ಹನಿಯೂ ಇಲ್ಲ

ಬೆಳಗಿನ ಎಂಟಕ್ಕೆ ಯೂನಿರಿ ಚೌಕದ ಕಾರಂಜಿಯ ಬಳಿ
ಏಳು ಜನರನ್ನು ಹತ್ತಿಸಿಕೊಂಡೆ:
ಡೆನ್ಮಾರ್ಕಿನ ಅಕ್ಕ ತಂಗಿ, ಲಿಯೋನಿನ ಹೊಸ ಜೋಡಿ,
ಒಸಾಕಾದ ನಿವೃತ್ತ ಹಲ್ಲಿನ ಡಾಕ್ಟರು, ಅವರ ಮಗಳು,
ಎಲ್ಲಿಯವನೆಂದು ಕೊನೆಗೂ ಹೇಳದ ಒಬ್ಬ ಮೌನಿ.
ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಇಲಿಂಕ.
ಕಥೆಯೆಲ್ಲ ಅವಳದು.
ಬ್ರೇಕು, ಕ್ಲಚ್ಚು, ನೆರಳು ಹುಡುಕಿ ನಿಲ್ಲಿಸುವುದು
ತುದೊರೆಲ್ ಎಂಬ ನನ್ನದು.

ಪ್ಲೊಯೆಷ್ಟಿಯ ಎಣ್ಣೆ ಕಾರ್ಖಾನೆಯ ಚಿಮಣಿ ದಾಟಿ
ಬಲಕ್ಕೆ ಹೊರಳಿದರೆ ದ್ಯಾಲು ಮಾರೆ.
ದೊಡ್ಡ ಬೆಟ್ಟ ಎಂದು ಅರ್ಥ.
ದೊಡ್ಡದೇನಲ್ಲ, ಮಲಗಿದ ಎಮ್ಮೆಯ ಬೆನ್ನು.
ಹೆಸರಿಟ್ಟವರು ಬಯಲಿನವರಿರಬೇಕು.

ಸನ್ಯಾಸಿಗಳು ನೆಟ್ಟರು, ಅರಸರು ಕುಡಿದರು,
ಬೇರಿಗೆ ಹುಳ ಬಿತ್ತು, ಮತ್ತೆ ನೆಟ್ಟರು,
ಎನ್ನುತ್ತಾಳೆ ಇಲಿಂಕ. ಆಮೇಲೆ ಒಂದೇ ನೆಗೆತ,
ನಲವತ್ತು ವರ್ಷ ದಾಟಿ
ಚಿನ್ನದ ಪದಕಗಳ ಮೇಲೆ ಕಾಲೂರುತ್ತಾಳೆ.
ಸರಿಯಾಗಿ ಅಲ್ಲೇ ಏರು ಶುರು.
ನಾನು ಗೇರು ಬದಲಿಸುತ್ತೇನೆ.

ಗಾಜಿನ ಗೋಡೆಯ ಒಳಗೆ ಲೋಟಗಳ ಕಿಣಿಕಿಣಿ.
ಫೆತ್ಯಾಸ್ಕ ನ್ಯಾಗ್ರ, ಕಪ್ಪು ಕನ್ಯೆ.
ತಮಿಯ್ವಾಸ, ಧೂಪದ ಮಗಳು.
ಬುಸುಯ್ವಾಕ, ಅದಕ್ಕೆ ಕಾಮಕಸ್ತೂರಿಯ ಗಂಧ.
ಹೊರಗೆ ನನಗೆ ಪುದೀನದ ಚಹಾ.
ಈ ದೇಶದ ಕಾನೂನು ಚಾಲಕನಿಗೆ ಹನಿಯನ್ನೂ ಬಿಟ್ಟಿಲ್ಲ.
ಒಂಬತ್ತು ವರ್ಷ, ವಾರಕ್ಕೆ ನಾಲ್ಕು ಸಲ,
ಈ ಬೆಟ್ಟದ ವೈನೆಲ್ಲ ನನಗೆ ಗೊತ್ತಿರುವುದು
ವಾಪಸು ಹತ್ತುವವರ ಉಸಿರಿನಿಂದ.

ಮೂರನೆಯ ತೋಟದಲ್ಲಿ ಒಂದು ಅಕ್ರೋಟು ಮರ.
ಮರದಿಂದ ಮುಚ್ಚಿದ ಬಾವಿಯವರೆಗೆ ಹನ್ನೊಂದು ಸಾಲು
ತಾತ ನೆಕುಲಾಯ್‌ದು.
ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಸಹಿ ಹಾಕಿಸಿಕೊಂಡರು.
ಮರುದಿನದಿಂದ ಅದೇ ಸಾಲಿಗೆ ಅವನು ಆಳು.
ಸಂಜೆ ಟೋಪಿಯೊಳಗೆ ಒಂದು ಗೊಂಚಲು ಕದ್ದು ತರುತ್ತಿದ್ದನಂತೆ,
ತನ್ನದನ್ನೇ.

ಸರ್ಕಾರ ಬಿದ್ದ ಮೇಲೆ ಕಾಗದ ಬಂತು,
ಬೇರೆಲ್ಲೋ ಮೂರು ತುಂಡು ನೆಲ.
ಅಪ್ಪ ಮಾರಿ ಒಂದು ಡಾಸಿಯಾ ಕಾರು ಕೊಂಡ.
ನಾನು ಸ್ಟಿಯರಿಂಗು ಹಿಡಿಯಲು ಕಲಿತದ್ದು ಅದರಲ್ಲೇ.

ಒಳಗೆ ಅವರು ಒಂದು ಗುಟುಕು ತೆಗೆದುಕೊಂಡು
ಬಾಯೊಳಗೆ ಆಡಿಸಿ, ಕಣ್ಣು ಮುಚ್ಚಿ,
ತವರದ ಬಕೀಟಿಗೆ ಉಗಿಯುತ್ತಾರೆ.
ಅದು ತಪ್ಪಲ್ಲ, ಅದೇ ಶಾಸ್ತ್ರ.
ನೆಲಮಾಳಿಗೆಯ ಅಗ್ಲಾಯ ಬಕೀಟನ್ನು ಹೊತ್ತು ತಂದು
ಮರದ ಪಕ್ಕದ ಮೊದಲ ಬಳ್ಳಿಯ ಬುಡಕ್ಕೆ ಸುರಿಯುತ್ತಾಳೆ.
ನಮ್ಮಲ್ಲಿ ಮೊದಲ ಗುಟುಕು ಸತ್ತವರಿಗೆ, ನೆಲಕ್ಕೆ.
ತಾತಾ, ಇವತ್ತು ನಿನಗೆ
ಒಸಾಕಾ, ಲಿಯೋನು, ಡೆನ್ಮಾರ್ಕಿನ ಎಂಜಲು.
ಮುಖ ಸಿಂಡರಿಸಬೇಡ.
ಬೆಲೆ ಕೇಳಿದರೆ ನೀನು ಎದ್ದು ಕೂರುತ್ತೀಯ.

ಡಾಕ್ಟರು ಹೊರಗೆ ಬಂದು ಹಸಿ ಅಕ್ರೋಟಿನ ಸಿಪ್ಪೆ ಸುಲಿದರು.
ಬೆರಳೆಲ್ಲ ಕಪ್ಪು.
ಇದು ಹೇಗೆ ಹೋಗುತ್ತದೆ ಎಂದು ಕೈಸನ್ನೆ.
ಹೋಗುವುದಿಲ್ಲ ಎಂದು ನಾನು ತಲೆಯಾಡಿಸಿದೆ,
ತಿಂಗಳಾದರೂ ಬೇಕು.
ಅವರಿಗೆ ಯಾಕೋ ಖುಷಿಯಾಯಿತು.

ಇಳಿಯುವ ದಾರಿಯಲ್ಲಿ ಎಲ್ಲರಿಗೂ ನಿದ್ದೆ.
ಅಕ್ಕನ ತಲೆ ತಂಗಿಯ ಹೆಗಲ ಮೇಲೆ,
ಮೌನಿಯ ಬಾಯಿ ತೆರೆದಿದೆ, ಇಲಿಂಕಳ ಮೈಕು ಮಡಿಲಲ್ಲಿ.
ನನ್ನ ಸೀಟಿನ ಕೆಳಗೆ ಕೋಲಾ ಬಾಟಲಿಯಲ್ಲಿ
ಅಗ್ಲಾಯ ಗುಟ್ಟಾಗಿ ಕೊಟ್ಟ ಮನೆಯ ವೈನು,
ಹೆಸರಿಲ್ಲ, ಪದಕವಿಲ್ಲ,
ತಿರುವು ಬಂದಾಗಲೆಲ್ಲ ಉರುಳಿ ಹಿಮ್ಮಡಿಗೆ ತಾಕುತ್ತದೆ.

ಬೆರ್ಚೆನ್ಯ್, ಎಂಟನೆಯ ಮಹಡಿ, ರಾತ್ರಿ ಹತ್ತು.
ಬೂಟು ಬಿಚ್ಚಿ, ಚಹಾದ ಲೋಟಕ್ಕೇ ಬಗ್ಗಿಸಿದೆ.
ಮೊದಲ ಗುಟುಕು ನೆಲಕ್ಕೆ.
ನೆಲವೆಲ್ಲಿದೆ ಇಲ್ಲಿ? ಕೆಳಗೆ ಏಳು ಮನೆಯವರ ತಾರಸಿ.
ಬಾಲ್ಕನಿಯ ಜೆರೇನಿಯಂ ಕುಂಡಕ್ಕೆ ಹಾಕಿದೆ.
ಮಣ್ಣು ತಟಕ್ಕನೆ ಹೀರಿಕೊಂಡಿತು,
ನನ್ನ ಹೆಂಡತಿ ವಾರದಿಂದ ನೀರು ಹಾಕಿಲ್ಲ.

ಆಮೇಲೆ ನಾನು ಕುಡಿದೆ.
ಹುಳಿ. ತುಸು ಗೋಣಿಚೀಲದ ವಾಸನೆ.
ಇಲಿಂಕಳಿಗೆ ಇದಕ್ಕೆ ಪದ ಸಿಗಲಾರದು.
ಇನ್ನೊಂದು ಲೋಟ ಎನ್ನಿಸಿತು,
ಗಡಿಯಾರ ನೋಡಿದೆ. ನಾಳೆ ಎಂಟಕ್ಕೆ ಕಾರಂಜಿ.
ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು
ಹಾಲಿನ ಪಕ್ಕ ಇಟ್ಟೆ.