ಎರಡು ಕಂಬಸಾಲು

ರಜಾಂಗ್ ನದಿ ಕಂದು ಬಣ್ಣದಲ್ಲೇ ಕಡಲಿಗಿಳಿಯುವಲ್ಲಿ
ನಮ್ಮ ಧಕ್ಕೆ.
ನಾನು ಸುಂಬಾಂಗ್, ಲಾದಿಯ ಮಗಳು.
ಇಪ್ಪತ್ತಾರು ವರ್ಷ ಪ್ಲೈವುಡ್ ಎಣಿಸಿದ್ದೇನೆ,
ಜಡೆಯಲ್ಲಿ ಪೆನ್ಸಿಲು, ಕಿವಿಯಲ್ಲಿ ಕ್ರೇನಿನ ಕಿರುಗುಟ್ಟು.

ಉದ್ದನೆಯ ಪುಸ್ತಕ, ನಡುವೆ ಕೆಂಪು ಗೆರೆ.
ಎಡಕ್ಕೆ ಜಪಾನು: ಮೂರಡಿ, ಆರಡಿ.
ಬಲಕ್ಕೆ ಕೊರಿಯಾ: ನಾಲ್ಕಡಿ, ಎಂಟಡಿ.
ಮೆರಾಂತಿ ದಿಮ್ಮಿಗೆ ಇದೊಂದೂ ಗೊತ್ತಿಲ್ಲ;
ಲೇಥಿನ ಮೇಲೆ ಕೂತು ತಿರುಗುತ್ತದೆ,
ಸುತ್ತಿಟ್ಟ ಚಾಪೆ ಬಿಚ್ಚಿದ ಹಾಗೆ
ತನ್ನ ನೂರು ವರ್ಷ ಬಿಚ್ಚಿಕೊಳ್ಳುತ್ತದೆ.
ಕೊನೆಗೆ ತೋಳಿನಷ್ಟು ತಿರುಳು. ಅದು ಬೇಲಿಗೆ.

ಮೊದಮೊದಲು ಎಡಗಡೆ ಜಾಗ ಸಾಲದೆ ಅಂಚಿನಲ್ಲಿ ಬರೆದೆ.
ಹಿರಾಬಯಾಶಿ ಬರುತ್ತಿದ್ದರು, ಬಿಳಿ ಕೈಚೀಲ ತೊಟ್ಟು,
ಅನ್ನ ಹಳಸಿದೆಯೇ ಎಂದು ನೋಡುವವರಂತೆ
ಹಲಗೆಗೆ ಮೂಗಿಟ್ಟು ಅಂಟಿನ ವಾಸನೆ ಹಿಡಿಯುತ್ತಿದ್ದರು.
ಬಲಗಡೆಯ ಹಡಗಿನಲ್ಲಿ ಬ್ಯೊನ್,
ಒಣ ಬೊಂಡಾಸ್ ಮೀನು ಹರಿದು ಅರ್ಧ ನನಗೆ ಕೊಡುತ್ತಿದ್ದ.
ಏನು ಮಾಡುತ್ತೀರಿ ಇಷ್ಟನ್ನೂ, ಎಂದೆ ಒಮ್ಮೆ.
ಎರಡು ಅಂಗೈ ಎದುರುಬದುರು ನಿಲ್ಲಿಸಿದ,
ನಡುವೆ ಏನನ್ನೋ ಸುರಿದಂತೆ ಮಾಡಿದ,
ಕಾದ, ಕೈ ಬಿಡಿಸಿ ನೀರಿಗೆ ಎಸೆದ.
ಕಾಂಕ್ರೀಟಂತೆ. ಕಂಬ ನಿಲ್ಲುತ್ತದೆ,
ಹಲಗೆ ಹೋಗುತ್ತದೆ.

ಆಮೇಲೊಂದು ವರ್ಷ ಕೊರಿಯಾದ ದುಡ್ಡು ನೆಲ ಕಚ್ಚಿತು.
ಬ್ಯೊನ್ ಬರಲಿಲ್ಲ. ಬಲಗಡೆ ಏನು ಬರೆಯಲಿ?
ಖಾಲಿ ಬಿಟ್ಟರೆ ಮರೆತೆ ಎಂದಾಗುತ್ತದೆ.
ಸೊನ್ನೆ ಬರೆದೆ, ದುಂಡಗೆ, ಬಿಡದೆ,
ಎಣಿಸಿದ್ದೇನೆ ಎಂದು ತೋರುವ ಹಾಗೆ.
ಅದು ಮತ್ತೆ ಚೇತರಿಸಿಕೊಂಡಿತು.
ಎಡಗಡೆ ಮಾತ್ರ ಇಳಿಯುತ್ತಲೇ ಹೋಯಿತು, ಸದ್ದಿಲ್ಲದೆ,
ಸಂಜೆ ಇಳಿತದ ನೀರು ಕೆಸರು ಬಿಟ್ಟುಕೊಟ್ಟು ಹೋಗುವ ಹಾಗೆ.
ಅವರೀಗ ತಮ್ಮದೇ ಮರ ಸುಲಿಯುತ್ತಾರಂತೆ.
ನಮ್ಮ ಮೂರು ಲೇಥಿನಲ್ಲಿ ಒಂದೇ ತಿರುಗುತ್ತದೆ.

ಮೊನ್ನೆ ಕುಚಿಂಗಿನಿಂದ ಒಬ್ಬ ಹುಡುಗಿ ಬಂದಳು,
ನನ್ನ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ
ಎರಡು ಗೆರೆ ಎಳೆದಳು, ನೀಲಿ, ಕಿತ್ತಳೆ.
ಇಪ್ಪತ್ತಾರು ವರ್ಷ ಒಂದು ಗೇಣಿನೊಳಗೆ!
‘ಇಲ್ಲಿ ನೋಡಿ ಅಕ್ಕಾ, ಇದೊಂದೇ ತಿಂಗಳು
ಕೊರಿಯಾ ಜಪಾನನ್ನು ದಾಟಿದೆ.
ಯೆನ್ ಬಿದ್ದಿತ್ತೋ,
ಸಿಯೋಲಿನಲ್ಲಿ ಹೊಸ ಮನೆಗಳೆದ್ದವೋ?’

ಬೆರಳು ಇಟ್ಟಲ್ಲಿ ನೋಡಿದೆ.
ಅಕ್ಷರ ನನ್ನದಲ್ಲ.
ಅಪ್ಪ ತೀರಿಕೊಂಡ ತಿಂಗಳು ಅದು.
ಮೇಲ್ದಂಡೆಯ ಕಾಡಿನಲ್ಲಿ ಮೂವತ್ತು ವರ್ಷ ಮರ ಉರುಳಿಸಿದವನು
ಚಹಾ ಲೋಟ ಕೆಳಗಿಟ್ಟು, ಹಾಗೇ ಉರುಳಿದ.
ನಾನು ದೋಣಿ ಹತ್ತಿ ಹೋದೆ ಉದ್ದಮನೆಗೆ,
ಹನ್ನೊಂದು ದಿನ ಎಣಿಸಿದವನು ಗೋದಾಮಿನ ರೆಂಗಾ.
ಒಳ್ಳೆಯ ಹುಡುಗ. ಎಡಚ.
ಎಡದ್ದನ್ನು ಬಲಕ್ಕೆ ಬರೆದಿದ್ದ.

ತಿದ್ದೋಣವೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಅವಳು ಆ ಗಂಟಿನ ಬಗ್ಗೆಯೇ
ಅರ್ಧ ಪುಟ ಬರೆದಾಗಿತ್ತು.
‘ಏನಾದರೂ ನೆನಪಿದೆಯೇ?’ ಅಂದಳು.

‘ಒಬ್ಬ ಮರ ಕಡಿಯುವವನು ಸತ್ತಿದ್ದ’ ಅಂದೆ.

ತಲೆದೂಗಿ ಅದನ್ನೂ ಬರೆದುಕೊಂಡಳು:
ಕಾರ್ಮಿಕರ ಕೊರತೆ.