ಕೆಂಪು ಕೋಟು

ಇಪ್ಪತ್ತು ರೂಪಾಯಿ ಟಿಕೆಟ್ಟು ಕೊಂಡು
ನಾನೇ ಹೊಲಿದ ಕೋಟು ನೋಡಲು ಹೋದೆ
ಕಂಟೋನ್ಮೆಂಟಿನ ಹಳೇ ಬ್ಯಾರಕ್ಕಿಗೆ, ಏಪ್ರಿಲ್ಲಿನ ನಡುಮಧ್ಯಾಹ್ನ.

ಅದರೊಳಗೆ ಗಾದಿಲಿಂಗ ನಿಂತಿದ್ದ,
ಬಂದೂಕಿಗೆ ಮದ್ದು ತುಂಬುವುದನ್ನು
ಶಾಲೆಮಕ್ಕಳಿಗೆ ತೋರಿಸುತ್ತ:
ತೋಟಾ ಹಲ್ಲಲ್ಲಿ ಕಚ್ಚು, ಸುರಿ, ಜಡಿ, ಗುರಿಯಿಡು.
ಬೆವರೊಂದೇ ಅಸಲಿ.

ಕೌಲ್ ಬಜಾರಿನ ನಮ್ಮ ಕೋಣೆಯಲ್ಲಿ
ಜೀನ್ಸ್ ಪ್ಯಾಂಟುಗಳ ರಾಶಿಯ ನಡುವೆ ಹೊಲಿದದ್ದು.
ಮಾದರಿಗೆ ಕೊಟ್ಟದ್ದು ಒಂದು ಫೋಟೊ:
ಯಾವನೋ ದೊರೆ, ಹೆಸರಿಲ್ಲ,
ಹಿಂದೆ ಪೆನ್ಸಿಲ್ಲಿನಲ್ಲಿ: ಎದೆ ನಲವತ್ತೆರಡು.
ಗಾದಿಲಿಂಗನದು ಮೂವತ್ನಾಲ್ಕು.
ಉಳಿದ ಎಂಟು ಇಂಚಿನಲ್ಲಿ
ಗಾಳಿಯೂ ಆಡುವುದಿಲ್ಲ.

ಹುಡುಗಿಯೊಬ್ಬಳು ಕೇಳಿದಳು:
"ನೀವು ಯಾರಿಗೆ ಗುಂಡು ಹೊಡೀತಿದ್ರಿ, ಅಂಕಲ್?"
ಅವನು ಗೋಡೆಯ ಪಟ ನೋಡಿದ,
ಕಿಟಕಿಯಾಚೆ ಬೋಳುಬಂಡೆಯ ಕೋಟೆಗುಡ್ಡ ನೋಡಿದ.
"ಬರ್ಕೊಟ್ಟ ಹಾಳ್ಯಾಗ ಅದು ಇಲ್ಲವ್ವ."

ಊಟದ ಬಿಡುವಿಗೆ, ಬೇವಿನ ಪಕ್ಕ,
ಕೋಟು ಕಳಚಿ ಒಳಮೈ ಹೊರಗೆ ಮಾಡಿ ಹರವಿದ.
ಬಿಸಿಲಿಗೆ ಬಿತ್ತು ನನ್ನ ಕಳ್ಳಗೆಲಸ:
ಅಸ್ತರಿನ ಬಟ್ಟೆ ಉಳಿಸಿಕೊಂಡು
ಕೂಡಿಸಿದ ಜೀನ್ಸಿನ ಚೂರುಗಳು,
ನೀಲಿ, ಒಂದೊಂದೂ ಬೇರೆ ನೀಲಿ.

ಬೈಯಲಿಲ್ಲ.
ಬನಿಯನ್ನು ಎತ್ತಿ ಬೆನ್ನು ತೋರಿಸಿದ:
"ಎಷ್ಟು ತಿಕ್ಕಿದ್ರೂ ಹೋಗವಲ್ದು, ನೋಡಣ್ಣ."